ಕಪಿಲೆಯ ದಾರಿಯಲ್ಲಿ ನಿಂತ ಪಿಕಪ್

ನಂಜನಗೂಡಿನವರಿಗೆ ಶ್ರೀಕಂಠೇಶ್ವರ ದೇವರಷ್ಟೇ ಅಲ್ಲ, ವೈದ್ಯನೂ ಹೌದು. ಟಿಪ್ಪು ಸುಲ್ತಾನನ ಪಟ್ಟದ ಆನೆಗೆ ಕಣ್ಣು ಕಾಣದಂತಾದಾಗ ಇಲ್ಲಿ ಹರಕೆ ಹೊತ್ತು ವಾಸಿಯಾಯಿತೆಂದೂ, ಅಂದಿನಿಂದ ಸುಲ್ತಾನ ಸ್ವಾಮಿಯನ್ನು 'ಹಕೀಂ ನಂಜುಂಡ' ಎಂದು ಕರೆದನೆಂದೂ ಕಥೆಯಿದೆ. ಆ ಬೆಳಿಗ್ಗೆ ನನ್ನ ಅಕ್ಕನ ಮಗ ಪಿಕಪ್ಪಿನ ಕೀಲಿ ತಿರುಗಿಸುವ ಮೊದಲು ಗೋಪುರದ ಕಡೆ ಕೈಮುಗಿದ. ಮೂರನೇ ಸಲಕ್ಕೆ ಗಾಡಿ ಹೊರಟಿತು.

ಹಿಂದೆ ಮುನ್ನೂರು ಊಟದ ಎಲೆ, ಹತ್ತು ಗೊನೆ ಬಾಳೆಹಣ್ಣು. ಅದರಲ್ಲಿ ರಸಬಾಳೆ ಒಂದೇ ಗೊನೆ. ನಂಜನಗೂಡಿನ ಹೆಸರನ್ನೇ ಹೊತ್ತ ಹಣ್ಣು ಅದು, ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿದೆ. ಆದರೆ ಮಣ್ಣಿನಲ್ಲಿ ಅಡಗುವ ಪನಾಮ ಸೊರಗು ರೋಗದ ಶಿಲೀಂಧ್ರಕ್ಕೆ ಹೆದರಿ ಬೆಳೆಯುವವರು ಬಹಳ ಕಡಿಮೆಯಾದರು. ಇದೆಲ್ಲ ಹೋಗಬೇಕಿದ್ದದ್ದು ತಿರುಮಕೂಡಲು ನರಸೀಪುರದಲ್ಲಿ ನೆಂಟರ ಮನೆಯ ನಾಮಕರಣಕ್ಕೆ. ಹನ್ನೆರಡೂವರೆಗೆ ಪಂಕ್ತಿ. ಎಲೆ ಬಾರದೆ ಪಂಕ್ತಿ ಕೂರುವುದುಂಟೆ?

ಊರು ಬಿಡುವಾಗ ಏಳನೇ ತರಗತಿಯ ಮೊಮ್ಮಗಳಿಗೆ ಕಪಿಲೆಯ ಮೇಲಿನ ಹಳೆಯ ಕಲ್ಲು ಸೇತುವೆ ತೋರಿಸಿದೆ. 1735ರಲ್ಲಿ ದಳವಾಯಿಗಳು ಕಟ್ಟಿಸಿದ್ದು. ಬಹುಕಾಲ ರಸ್ತೆ, ರೈಲು ಎರಡನ್ನೂ ಒಂದೇ ಬೆನ್ನಿನ ಮೇಲೆ ಹೊತ್ತಿತ್ತು. ಆಮೇಲೆ ಗದ್ದೆ, ಕಬ್ಬು, ತೆಂಗು. ನದಿ ಕಂಡು ಮರೆಯಾಗುತ್ತಿತ್ತು. ಸುತ್ತೂರಿನಲ್ಲಿ ಮಠದ ಕಡೆ ಒಂದು ನೋಟ ಹರಿಸಿ, ರಸ್ತೆ ಬದಿಯಲ್ಲಿ ಕಾಫಿ ಕುಡಿದು ಬಂದು ಕೀಲಿ ತಿರುಗಿಸಿದರೆ, 'ಟಕ್' ಎಂಬ ಒಂದು ಸದ್ದು. ಅಷ್ಟೇ. ಗಂಟೆ ಹತ್ತೂವರೆ.

ತಳ್ಳಿ ಸ್ಟಾರ್ಟ್ ಮಾಡೋಣವೆಂದರೆ ಗಾಡಿಯ ಮೂತಿ ಕಲ್ಲುಕಟ್ಟೆಗೆ ತಾಗುವಂತಿತ್ತು, ಹಿಂದೆ ಏರು. ಅಕ್ಕನ ಮಗನ ಮುಖ ಬಾಡಿತು. ಇದೇ ಕಾಯಿಲೆಗೆಂದು ಹಿಂದಿನ ತಿಂಗಳು ಒಂದು ಗ್ಯಾರೇಜಿನವರ ಮಾತು ಕೇಳಿ ಹೊಸ ಬ್ಯಾಟರಿ ಹಾಕಿಸಿದ್ದ. ಈಗ ಅವರೇ ಸ್ಟಾರ್ಟರ್ ಮೋಟಾರ್ ಬದಲಿಸಬೇಕು, ಎಂಟು ಸಾವಿರ ಎನ್ನುತ್ತಿದ್ದರಂತೆ. ಮಗನ ಕಾಲೇಜಿನ ಫೀಸು ಕಟ್ಟುವ ತಿಂಗಳು ಅದು. "ಗಾಡಿಯನ್ನೇ ಮಾರಿಬಿಡ್ತೀನಿ ಮಾವ" ಎಂದ. ತೋಟದಿಂದ ಮಾರುಕಟ್ಟೆಗೆ ಅವನಿಗಿದ್ದ ಕಾಲು ಅದೊಂದೇ.

ನಾನು ಮೆಕ್ಯಾನಿಕ್ ಅಲ್ಲ. ಆದರೆ ಬ್ಯಾಂಕಿನಲ್ಲಿ ಸಂಜೆ ಲೆಕ್ಕ ಕೂಡದಿದ್ದರೆ ಲೆಡ್ಜರನ್ನೇ ಬದಲಿಸು ಎಂದು ಯಾರೂ ಹೇಳುತ್ತಿರಲಿಲ್ಲ. ಹಣ ಎಲ್ಲಿಯವರೆಗೆ ಸರಿಯಾಗಿ ಬಂದಿದೆ, ಎಲ್ಲಿಂದ ಕಾಣೆಯಾಗಿದೆ ಎಂದು ಒಂದೊಂದೇ ಚೀಟಿ ಹಿಡಿದು ನೋಡುತ್ತಿದ್ದೆವು. ಹಳೆಯ ರೇಡಿಯೋ ರಿಪೇರಿಯ ಹುಚ್ಚಿನಿಂದ ನನ್ನ ಚೀಲದಲ್ಲಿ ಒಂದು ಪುಟ್ಟ ಮಲ್ಟಿಮೀಟರ್ ಸದಾ ಇರುತ್ತದೆ.

ಗೇರ್ ನ್ಯೂಟ್ರಲ್‌ಗೆ ತಂದು, ಹ್ಯಾಂಡ್‌ಬ್ರೇಕ್ ಎಳೆದು, ಮೊಮ್ಮಗಳನ್ನು ಬದಿಯ ಕಟ್ಟೆ ಹತ್ತಿಸಿ ಹೆಡ್‌ಲೈಟ್ ನೋಡಲು ಹೇಳಿದೆ. ಕೀಲಿ ತಿರುಗಿಸಿದಾಗ ದೀಪ ಪೂರ್ತಿ ಮಂಕಾದರೆ ಬ್ಯಾಟರಿಯಲ್ಲಿ ಕಸುವಿಲ್ಲ, ಇಲ್ಲವೇ ಅದರ ಟರ್ಮಿನಲ್ ಸಡಿಲ ಎಂದು ಅನುಮಾನಿಸಬಹುದು. "ತಾತಾ, ಸ್ವಲ್ಪವೂ ಮಂಕಾಗಲಿಲ್ಲ!" ಎಂದಳು. ಅಂದರೆ ಬ್ಯಾಟರಿ ಎಂಬ ತಿಜೋರಿಯಲ್ಲಿ ಹಣವಿದೆ, ಮೋಟಾರಿಗೆ ತಲುಪುತ್ತಿಲ್ಲ. ಮೀಟರ್ ಹಿಡಿದೆ. ಬ್ಯಾಟರಿ 12.6 ವೋಲ್ಟ್, ಆರೋಗ್ಯವಾಗಿದೆ. ಬ್ಯಾಟರಿಯ ಪ್ಲಸ್‌ನಿಂದ ಸ್ಟಾರ್ಟರ್‌ವರೆಗಿನ ದಪ್ಪ ತಂತಿಯಲ್ಲೂ ಸೋರಿಕೆಯಿಲ್ಲ.

ಈಗ ಮಕ್ಕಳಿಗೆ ಒಂದು ವಿಷಯ ಹೇಳಬೇಕು. ಮನೆಯಲ್ಲಿ ಕರೆಂಟು ಹೋಗಲು ಒಂದು ತಂತಿ, ಬರಲು ಒಂದು ತಂತಿ. ಗಾಡಿಯಲ್ಲಿ ಹೋಗಲು ಮಾತ್ರ ತಂತಿ; ಮರಳಿ ಬರುವುದು ಹೆಚ್ಚಾಗಿ ಗಾಡಿಯ ಕಬ್ಬಿಣದ ಮೈಯ ಮೂಲಕ. ಆದರೆ ಎಂಜಿನ್ ಅದುರಬಾರದೆಂದು ಅದನ್ನು ರಬ್ಬರ್ ಮೇಲೆ ಕೂರಿಸಿರುತ್ತಾರೆ. ರಬ್ಬರಿನಲ್ಲಿ ವಿದ್ಯುತ್ ಹರಿಯದು. ಅದಕ್ಕೇ ಎಂಜಿನ್ನಿಗೂ ಚಾಸಿಗೂ ನಡುವೆ ಜಡೆಯಂತೆ ಹೆಣೆದ ತಾಮ್ರದ ಒಂದು ಪಟ್ಟಿ ಬಿಗಿದಿರುತ್ತಾರೆ. ಅದೇ ಅರ್ಥ್ ಪಟ್ಟಿ. ಹೆಡ್‌ಲೈಟಿಗೆ ಅದರ ಹಂಗಿಲ್ಲ, ಅದು ನೇರ ಚಾಸಿಗೆ ಸೇರಿದೆ. ಸ್ಟಾರ್ಟರ್ ಇರುವುದು ಎಂಜಿನ್ ಮೇಲೆ, ಅದಕ್ಕೆ ನೂರಾರು ಆಂಪಿಯರ್ ಬೇಕು. ಅಷ್ಟೂ ಆ ಪಟ್ಟಿಯ ಮೂಲಕವೇ ಮರಳಬೇಕು.

ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಎಂಜಿನ್ನಿನ ಬರಿಯ ಲೋಹಕ್ಕೆ ಒತ್ತಿ "ತಿರುಗಿಸು" ಎಂದೆ. ಅರ್ಧ ವೋಲ್ಟಿಗಿಂತ ಕಡಿಮೆ ಇರಬೇಕಾದ ಜಾಗದಲ್ಲಿ ಎಂಟು ಚಿಲ್ಲರೆ ವೋಲ್ಟ್! ಹನ್ನೆರಡರಲ್ಲಿ ಎಂಟು ದಾರಿಯಲ್ಲೇ ಕಳೆದರೆ ಪಾಪ, ಮೋಟಾರ್ ಏನು ಮಾಡೀತು?

ಅಕ್ಕನ ಮಗ ಬಗ್ಗಿ ಪಟ್ಟಿ ಹುಡುಕಿದ. ಎಳೆಗಳು ಅರ್ಧಕ್ಕರ್ಧ ಕಡಿದಿದ್ದವು. ಉಳಿದವು ಹಸಿರು ಕಿಲುಬು ಹಿಡಿದು, ಬೋಲ್ಟಿನ ಸುತ್ತ ಕೆಸರು, ತುಕ್ಕು. ವರ್ಷಗಟ್ಟಲೆ ಗದ್ದೆಯ ಬದುವಿನಲ್ಲಿ ಓಡಿದ ಗಾಡಿ ಅದು. ಇನ್ನೊಂದು ಅಪಾಯವೂ ಇದೆ. ರಾಜಬೀದಿ ಮುಚ್ಚಿದರೆ ವಿದ್ಯುತ್ ಓಣಿ ಹುಡುಕುತ್ತದೆ. ಕ್ಲಚ್ ಅಥವಾ ಆಕ್ಸಿಲರೇಟರ್ ಕೇಬಲಿನೊಳಗೆ ನುಗ್ಗಿ ಅದನ್ನು ಸುಡುವಷ್ಟು ಬಿಸಿ ಮಾಡಬಲ್ಲದು. ಬರೀ ಕೀಲಿ ತಿರುಗಿಸುತ್ತಾ ಕೂತರೆ ಹಾನಿಯೇ.

ಮೊದಲು ಬ್ಯಾಟರಿಯ ಮೈನಸ್ ತಂತಿ ಕಳಚಿಟ್ಟೆವು. ಕಾಫಿ ಅಂಗಡಿಯ ಪಕ್ಕದ ಬಡಗಿಯೊಬ್ಬರು ಉಪ್ಪುಕಾಗದ ಕೊಟ್ಟರು, ಕಾಸು ಬೇಡವೆಂದರು. ಪಟ್ಟಿಯ ಎರಡೂ ತುದಿಯನ್ನು ಲೋಹ ಹೊಳೆಯುವವರೆಗೆ ಉಜ್ಜಿ ಬಿಗಿದು, ತಂತಿ ಮತ್ತೆ ಜೋಡಿಸಿ ಕೀಲಿ ತಿರುಗಿಸಿದಾಗ ಮೀಟರ್ ಒಂದು ವೋಲ್ಟಿನ ಆಸುಪಾಸು ತೋರಿಸಿತು. ಎಂಜಿನ್ ಗುರ್ರೆಂದಿತು. ಅಕ್ಕನ ಮಗ ಮಾತಾಡಲಿಲ್ಲ. ಎಲೆಯ ಕಟ್ಟಿನ ಮೇಲೆ ಒದ್ದೆ ಗೋಣಿಚೀಲ ಸರಿಪಡಿಸಿ ಬಂದು ಕೂತ. ಹನ್ನೆರಡಕ್ಕೆ ಮೊದಲೇ ಎಲೆ ತಲುಪಿತು. ಮಗುವಿನ ತಾತ ರಸಬಾಳೆಯ ಗೊನೆಯನ್ನು ಪಂಕ್ತಿಗೆ ಕೊಡದೆ ದೇವರ ಕೋಣೆಗೆ ಸಾಗಿಸಿದ್ದನ್ನು ನಾನು ನೋಡಿದೆ.

ಊಟವಾದ ಮೇಲೆ ಪೇಟೆಯ ಆಟೋ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಹೊಸ ಪಟ್ಟಿ ಸಿಕ್ಕಿತು, ಇನ್ನೂರೈವತ್ತು ರೂಪಾಯಿ. ಅದನ್ನು ಹಾಕಿಸುವಷ್ಟರಲ್ಲಿ ನಾನೂ ಮೊಮ್ಮಗಳೂ ಗುಂಜಾ ನರಸಿಂಹಸ್ವಾಮಿಯ ದರ್ಶನ ಮುಗಿಸಿದೆವು. ಸ್ವಾಮಿಯ ಕೈಯಲ್ಲಿ ಗುಲಗಂಜಿ ಇದೆ. ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎಂಬ ನಂಬಿಕೆ. 1989ರಿಂದ ಮೂರು ವರ್ಷಕ್ಕೊಮ್ಮೆ ಕುಂಭಮೇಳ ನಡೆಯುವ ಸಂಗಮದ ಮೆಟ್ಟಿಲಲ್ಲಿ ಕೂತೆವು. ಕಾವೇರಿ, ಕಪಿಲೆ ಕಣ್ಣಿಗೆ ಕಾಣುತ್ತವೆ, ಸ್ಫಟಿಕ ಸರೋವರ ಗುಪ್ತ.

ಈ ನೀರೇ ಕೆಳಗೆ ಶಿವನಸಮುದ್ರದಲ್ಲಿ ಧುಮುಕಿ 1902ರಲ್ಲಿ ವಿದ್ಯುತ್ತಾಯಿತು, ಅಲ್ಲಿಂದ ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಕೋಲಾರದ ಚಿನ್ನದ ಗಣಿಗೆ ಹೋಯಿತು ಎಂದು ಹೇಳಿದೆ. ಅವಳು ಸ್ವಲ್ಪ ಹೊತ್ತು ನೀರು ನೋಡಿ, "ಅಷ್ಟು ಉದ್ದದ ತಂತಿಗೆ ಎಷ್ಟು ಜೋಡಣೆ ಇದ್ದಿರಬೇಕು ತಾತ? ಒಂದಕ್ಕೆ ತುಕ್ಕು ಹಿಡಿದರೆ ಹುಡುಕೋದು ಹೇಗೆ?" ಎಂದಳು. ಅಷ್ಟರಲ್ಲಿ ಮೇಲೆ ರಸ್ತೆಯಲ್ಲಿ ಪಿಕಪ್ಪಿನ ಹಾರ್ನ್ ಕೇಳಿಸಿತು.