ಸರಾಸರಿಗೆ ಸಿಗದವರು

ಆಸ್ಪತ್ರೆಯೊಂದರಲ್ಲಿ ಒಪಿಡಿಗೆ ಬಂದವರು ಎಷ್ಟು ಹೊತ್ತು ಕಾಯ್ತಾರೆ ಅನ್ನೋ ಲೆಕ್ಕ ನನ್ನ ಪಾಲಿಗೆ ಬಂತು. "ಸರಾಸರಿ ಹಾಕಿ ಮುಗಿಸಿಬಿಡಿ" ಅಂದ್ರು ಮ್ಯಾನೇಜರ್. ಅಂಕಿಗಳು ಗಂಟೆಯಾಕಾರದಲ್ಲಿ, ಅಂದರೆ ನಾರ್ಮಲ್ ಆಗಿ ಹರಡಿದ್ದರೆ ಸರಿ. ಇಲ್ಲದಿದ್ದರೆ?

ಆರ್‌ ಸಾಫ್ಟ್‌ವೇರ್‌ನಲ್ಲಿ ಶಪಿರೋ-ವಿಲ್ಕ್ ಪರೀಕ್ಷೆ ಹಾಕಿದೆ. 1965ರದ್ದು, ಆರ್‌ನಲ್ಲಿ 5000 ಅಂಕಿಗಳವರೆಗೆ ಮಾತ್ರ ನಡೆಯುತ್ತೆ. ಪಿ-ವ್ಯಾಲ್ಯೂ 0.05ಕ್ಕಿಂತ ಕಡಿಮೆ. ಅದೊಂದನ್ನೇ ನಂಬೋಕಾಗಲ್ಲ. ಡೇಟಾ ಸಾವಿರಗಟ್ಟಲೆ ಇದ್ದರೆ ಚೂರು ಡೊಂಕಿಗೂ 'ನಾರ್ಮಲ್ ಅಲ್ಲ' ಅನ್ನುತ್ತೆ, ಹತ್ತೇ ಇದ್ದರೆ ದೊಡ್ಡ ಡೊಂಕೂ ಕಣ್ತಪ್ಪಬಹುದು. ಕ್ಯೂ-ಕ್ಯೂ ಪ್ಲಾಟ್ ತೆಗೆದೆ. ಬಲತುದಿಯ ಚುಕ್ಕಿಗಳು ಗೆರೆ ಬಿಟ್ಟು ಮೇಲೆ ಹೋಗಿದ್ದವು. ಒಂದೊಂದೂ ಮೂರು ಗಂಟೆ ಬೆಂಚಿನ ಮೇಲೆ ಕೂತ ಒಬ್ಬ ಮನುಷ್ಯ.

ವರದಿಯಲ್ಲಿ ಮಧ್ಯಾಂಕದ ಜೊತೆ, ಅತಿ ಹೆಚ್ಚು ಕಾದ ಶೇ 10 ಜನರ ಲೆಕ್ಕವನ್ನೂ ಬರೆದೆ. ಮ್ಯಾನೇಜರ್ ಇನ್ನೂ ಒಂದೇ ಅಂಕಿ ಕೇಳ್ತಿದ್ದಾರೆ.