ಪ್ರಾಚೀನರ ಸುರಾವಿಚಾರ

ನಮ್ಮ ಪೂರ್ವಿಕರು ಮದ್ಯವನ್ನು ಮುಟ್ಟಿದವರೇ ಅಲ್ಲವೆಂದು ಸಾಧಿಸುವವರು ಒಂದು ಕಡೆ. ಋಷಿಗಳೇ ಸೋಮಪಾನ ಮಾಡುತ್ತಿದ್ದ ಮೇಲೆ ನಮಗೇಕೆ ನಿಷೇಧವೆಂದು ಕೇಳುವವರು ಇನ್ನೊಂದು ಕಡೆ. ಈ ಉಭಯ ಪಕ್ಷದವರೂ ಗ್ರಂಥಗಳನ್ನು ಬಿಚ್ಚಿ ನೋಡಿದವರಲ್ಲವೆಂದು ನನ್ನ ಎಣಿಕೆ. ಪಾಠಶಾಲೆಯಲ್ಲಿ ನಾಲ್ಕಕ್ಷರ ಕಲಿತು, ಬಹುಕಾಲ ಮಕ್ಕಳಿಗೆ ಪಾಠ ಹೇಳಿ, ಈಗ ವಿಶ್ರಾಂತನಾಗಿರುವ ನಾನು ಈ ವಿಷಯದಲ್ಲಿ ಕೆಲವು ಮಾತುಗಳನ್ನು ವಾಚಕರ ಮುಂದಿಡಲು ಬಯಸುತ್ತೇನೆ.

ಮೊದಲು ಸೋಮಕ್ಕೂ ಸುರೆಗೂ ಇರುವ ಭೇದವನ್ನರಿಯಬೇಕು. ಸೋಮವು ಒಂದು ಸಸ್ಯವನ್ನು ಜಜ್ಜಿ ಹಿಂಡಿದ ರಸ. ಯಜ್ಞದ ದಿನ ಮೂರು ಸವನಗಳಲ್ಲಿ ಅದನ್ನು ಹಿಂಡಿ, ಹೋಮಿಸಿ, ಶೇಷವನ್ನು ಋತ್ವಿಜರು ಸೇವಿಸುತ್ತಿದ್ದರು. ಸುರೆಯಾದರೋ ಧಾನ್ಯವನ್ನು ಕಿಣ್ವದೊಡನೆ ಹುಳಿಯಿಸಿ ಮಾಡಿದುದು. ಶತಪಥ ಬ್ರಾಹ್ಮಣವು ಸೋಮವನ್ನು ಸತ್ಯವೆಂದೂ ಬೆಳಕೆಂದೂ, ಸುರೆಯನ್ನು ಅನೃತವೆಂದೂ ಕತ್ತಲೆಯೆಂದೂ ಕರೆಯುತ್ತದೆ. ಆದರೂ ಸೌತ್ರಾಮಣಿಯಲ್ಲಿ ಅದೇ ಸುರೆಗೆ ಸ್ಥಾನವುಂಟು. ಋಗ್ವೇದದ ಏಳನೆಯ ಮಂಡಲದಲ್ಲಿ ವಸಿಷ್ಠನು ವರುಣನ ಮುಂದೆ ನಿಂತು, ಮನುಷ್ಯನನ್ನು ಪಾಪಕ್ಕೆಳೆಯುವ ಕಾರಣಗಳನ್ನು ಹೇಳುವಾಗ ಕೋಪ, ಜೂಜು, ಅವಿವೇಕಗಳೊಡನೆ ಸುರೆಯನ್ನೂ ಎಣಿಸುತ್ತಾನೆ. ಸುರೆಯನ್ನೇ ಕಾಣದ ಜನರಲ್ಲಿ ಇಂತಹ ಮಾತು ಹುಟ್ಟುತ್ತಿತ್ತೇ?

ಇನ್ನು ನಿಷೇಧದ ವಿಚಾರ. ಮಹಾಭಾರತದ ಆದಿಪರ್ವದಲ್ಲಿ ಅಸುರರು ಕಚನನ್ನು ಕೊಂದು ಸುಟ್ಟು, ಆ ಬೂದಿಯನ್ನು ಸುರೆಯಲ್ಲಿ ಬೆರೆಸಿ, ಅವನ ಗುರುವಾದ ಶುಕ್ರಾಚಾರ್ಯನಿಗೇ ಕುಡಿಸಿದರು. ಆ ಬಳಿಕವೇ ಶುಕ್ರನು, ಸುರಾಪಾನ ಮಾಡಿದ ಬ್ರಾಹ್ಮಣನು ಬ್ರಹ್ಮಹತ್ಯೆ ಮಾಡಿದವನಿಗೆ ಸಮಾನನೆಂದು ಕಟ್ಟಳೆಯನ್ನು ವಿಧಿಸಿದನು. “ಹೊಟ್ಟೆಯೊಳಗಿಂದ ಶಿಷ್ಯನು ಮಾತನಾಡುವವರೆಗೂ ಆಚಾರ್ಯನಿಗೆ ಎಚ್ಚರ ಬರಲಿಲ್ಲ, ನೋಡಿರೋ” ಎಂದು ನಮ್ಮ ಗುರುಗಳು ಈ ಭಾಗವನ್ನು ಹೇಳುವಾಗಲೆಲ್ಲ ಅನ್ನುತ್ತಿದ್ದರು. ಮೌಸಲಪರ್ವದ ಕಥೆ ಇದಕ್ಕಿಂತಲೂ ಘೋರವಾದುದು. ದ್ವಾರಕೆಯಲ್ಲಿ ಮದ್ಯವನ್ನು ತಯಾರಿಸಿದವನನ್ನು ಬಂಧುಸಮೇತ ಶೂಲಕ್ಕೇರಿಸುವುದಾಗಿ ಡಂಗುರ ಹೊಡೆಸಿದರು. ಹಾಗಿದ್ದೂ ಯಾದವರು ಪ್ರಭಾಸತೀರ್ಥಕ್ಕೆ ಹೋಗಿ, ಕುಡಿದು, ಒಬ್ಬರನ್ನೊಬ್ಬರು ಕೊಂದರು. ಆಜ್ಞೆಯೊಂದರಿಂದಲೇ ಕೆಲಸವಾಗದೆಂಬುದನ್ನು ವ್ಯಾಸರು ಬಲ್ಲರು.

ಕೌಟಿಲ್ಯನ ದಾರಿ ಬೇರೆ. ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದ ತಾಳೆಗರಿಯ ಪ್ರತಿಯಿಂದ ಶಾಮಶಾಸ್ತ್ರಿಗಳು ೧೯೦೯ರಲ್ಲಿ ಅಚ್ಚು ಹಾಕಿಸಿದ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಸುರಾಧ್ಯಕ್ಷನೆಂಬ ಅಧಿಕಾರಿಗೆ ಒಂದು ಅಧ್ಯಾಯವೇ ಮೀಸಲಾಗಿದೆ. ಮೇದಕವೆಂಬ ಮದ್ಯಕ್ಕೆ ಒಂದು ದ್ರೋಣ ನೀರು, ಅರ್ಧ ಆಢಕ ಅಕ್ಕಿ, ಮೂರು ಪ್ರಸ್ಥ ಕಿಣ್ವವೆಂದು ಅಳತೆಯನ್ನೂ ಕೊಟ್ಟಿದ್ದಾನೆ. ಉತ್ಸವ ಜಾತ್ರೆಗಳಲ್ಲಿ ನಾಲ್ಕು ದಿನಗಳ ಅನುಮತಿ. ಉಳಿದ ಕಾಲದಲ್ಲಿ ನಡತೆ ಬಲ್ಲ ಜನರಿಗೆ ಮಾತ್ರ, ಅದೂ ಸ್ವಲ್ಪ ಪ್ರಮಾಣದಲ್ಲಿ ಮಾರಾಟ. ಸರಕಾರದ್ದಲ್ಲದ ಮದ್ಯವನ್ನು ಮಾರುವವರು ನೂರಕ್ಕೆ ಐದರಂತೆ ಸುಂಕ ತೆರಬೇಕು. ಪಾನಶಾಲೆಯಲ್ಲಿ ಯಾರು ಅತಿಯಾಗಿ ವ್ಯಯ ಮಾಡುವರೆಂದು ಗೂಢಚಾರರು ನೋಡುತ್ತಿರಬೇಕು. ಮತ್ತನಾಗಿ ಮಲಗಿದವನ ಒಡವೆ, ವಸ್ತ್ರ, ಹಣ ಕಳೆದರೆ ಮದ್ಯದ ವ್ಯಾಪಾರಿಯೇ ಅದನ್ನು ತುಂಬಿಕೊಟ್ಟು, ಅಷ್ಟೇ ದಂಡವನ್ನೂ ತೆರಬೇಕು. ಬೊಕ್ಕಸದ ಆಸೆ ಕೌಟಿಲ್ಯನಿಗೆ ಇರಲಿಲ್ಲವೆಂದಲ್ಲ; ಆದರೆ ಲಾಭ ಪಡೆದವನು ನಷ್ಟಕ್ಕೂ ಹೊಣೆಯಾಗಬೇಕೆಂಬ ನ್ಯಾಯವು ಅವನಲ್ಲಿ ಸ್ಪಷ್ಟವಾಗಿದೆ.

ಇದನ್ನೆಲ್ಲ ನಾನು ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಓದಿ ಹೇಳಬೇಕಾಗಿ ಬಂದಿತು. ಬುದ್ಧಿವಂತನಾದ ಅವನು ಕುಡಿತಕ್ಕೆ ಬಿದ್ದಿದ್ದನು. ತಾಯಿಯೇ ಅವನನ್ನು ನಮ್ಮ ಮನೆಗೆ ಕರೆತಂದಿದ್ದಳು. ಯುಕ್ತಿಯಿಂದ ಸೇವಿಸಿದ ಮದ್ಯವು ಅಮೃತಸಮಾನವೆಂದು ಚರಕನೇ ಹೇಳಿಲ್ಲವೇ ಎಂದು ಅವನ ವಾದ. ಹೇಳಿರುವುದು ನಿಜ, ಆದರೆ ಯುಕ್ತಿ ತಪ್ಪಿದರೆ ಅದೇ ರೋಗಕ್ಕೆ ಕಾರಣವೆಂಬುದೂ ಅಲ್ಲಿಯೇ ಇದೆ. ಅದು ಬಂದಿರುವುದು ಮದಾತ್ಯಯವೆಂಬ ರೋಗದ ಚಿಕಿತ್ಸೆಯನ್ನು ಹೇಳುವ ಅಧ್ಯಾಯದಲ್ಲಿ ಎಂಬುದನ್ನು ತೋರಿಸಿದೆ. ಬಳಿಕ ಕೌಟಿಲ್ಯನ ಮಾತು ಬಂದಿತು. ಅದುವರೆಗೆ ಬಾಗಿಲ ಬಳಿ ಸುಮ್ಮನೆ ಕುಳಿತಿದ್ದ ತಾಯಿಯು, “ಮೇಷ್ಟ್ರೇ, ಕುಡಿದವನ ಒಡವೆ ಹೋದರೆ ಅಂಗಡಿಯವನು ಕೊಡಬೇಕು ಎಂದಿರಿ. ನನ್ನ ಕೈಬಳೆ ಹೋಗಿದೆ. ಅದನ್ನು ಕೊಡುವವರು ಯಾರು ಅಂತ ಆ ಪುಸ್ತಕದಲ್ಲಿ ಬರೆದಿದೆಯೇ?” ಎಂದು ಕೇಳಿದಳು.

ಬರೆದಿಲ್ಲವೆಂದೇ ನಾನು ಹೇಳಬೇಕಾಯಿತು. ಹುಡುಗನು ತಲೆ ತಗ್ಗಿಸಿ ಕುಳಿತಿದ್ದನು. ಚರಕನ ಮಾತನ್ನು ಮತ್ತೆ ಎತ್ತಲಿಲ್ಲ.

ಪ್ರಾಚೀನರು ಮದ್ಯವನ್ನು ಕಂಡಿದ್ದರು, ಅಳೆದಿದ್ದರು, ಅಂಜಿದ್ದರು. ಯಾಗಶಾಲೆಯಲ್ಲಿ, ಪಾನಶಾಲೆಯಲ್ಲಿ, ವೈದ್ಯಶಾಲೆಯಲ್ಲಿ ಅದಕ್ಕೆ ಒಂದೊಂದು ಬೇಲಿಯನ್ನು ಹಾಕಿದರು. ಅವರು ಕುಡಿದರೆಂಬುದನ್ನು ಮಾತ್ರ ನೆನೆದು ಬೇಲಿಯನ್ನು ಮರೆಯುವುದೂ ಸರಿಯಲ್ಲ. ಅವರು ಕುಡಿಯಲೇ ಇಲ್ಲವೆಂದು ಹೇಳಿ, ಅವರು ಪಟ್ಟ ಪಾಡಿನಿಂದ ಬಂದ ವಿವೇಕವನ್ನು ಕಳೆದುಕೊಳ್ಳುವುದೂ ಸರಿಯಲ್ಲ. ಆ ತಾಯಿಯ ಪ್ರಶ್ನೆಗೆ ಉತ್ತರವನ್ನು ಮಾತ್ರ ಅವರು ನಮಗೆ ಬಿಟ್ಟುಹೋಗಿದ್ದಾರೆ.