ಸಿಂಗಸಂದ್ರದ ಲೈಸೆನ್ಸು, ಪರದೇಶದ ರಸ್ತೆ

ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ಸಿಂಗಸಂದ್ರ ಬಂತೆಂದರೆ ತಲೆಯ ಮೇಲೆ ಮೇಲುರಸ್ತೆ, ಪಕ್ಕದಲ್ಲೇ 2025ರಲ್ಲಿ ಶುರುವಾದ ಹಳದಿ ಮೆಟ್ರೊ, ಕೆಳಗೆ ಕೆಎ 51ರ ಕಾರುಗಳ ಸಾಲು. ಇಲ್ಲಿನ ಮನೆಗಳಲ್ಲಿ ಉಪ್ಪಿಟ್ಟು ತಿರುವುತ್ತಲೇ ಲಂಡನ್ನು, ಅಮೆರಿಕದ ಮಾತು. ಎಲೆಕ್ಟ್ರಾನಿಕ್ ಸಿಟಿಯ ಕಂಪೆನಿ ಅಳಿಯನನ್ನು ಕಳಿಸುತ್ತೆ, ಹಿಂದೆಯೇ ಮಗಳು ಹೊರಡುತ್ತಾಳೆ. ಚಟ್ನಿಪುಡಿ, ತೊಕ್ಕು ಕಟ್ಟಿಕೊಡುವ ನೀವು ಇದೊಂದನ್ನೂ ಕೇಳಿ ಸೋದರಿಯರೇ: "ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿದ್ಯೇನೇ ಪುಟ್ಟಿ?"

ಆರ್‌ಟಿಓ ಕಚೇರಿಯಲ್ಲಿ ಅರ್ಜಿ, 1,000 ರೂಪಾಯಿ ಶುಲ್ಕ, ಹೆಚ್ಚೆಂದರೆ ಒಂದು ವರ್ಷದ ಬಾಳಿಕೆ. ಊರಿನ ಲೈಸೆನ್ಸೂ ಜೊತೆಗಿರಬೇಕು, ಪರ್ಮಿಟ್ಟೊಂದೇ ಸಾಲದು.

ಇದು ನೆಂಟರಾಗಿ ಹೋದವರಿಗಾಯಿತು. ಸಂಸಾರ ಹೂಡಿದವರ ಲೆಕ್ಕವೇ ಬೇರೆ. ಬ್ರಿಟನ್ನಿನಲ್ಲಿ ನಮ್ಮ ಲೈಸೆನ್ಸು 12 ತಿಂಗಳು ನಡೆಯುತ್ತೆ. ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದವರಿಗೆ ಬರೀ 10 ದಿನ! ಆಮೇಲೆ ಅಲ್ಲಿಯದೇ ಪರೀಕ್ಷೆ. ಮುಂದೂಡಿದರೆ, ಇಲ್ಲಿ ಸ್ಕೂಟರಿನಲ್ಲಿ ಊರೆಲ್ಲ ಸುತ್ತಿದ ಹುಡುಗಿ ಅಲ್ಲಿ ಹಾಲು ತರಲೂ ಗಂಡನ ರಜೆಗೆ ಕಾಯುತ್ತಾ ಕೂರಬೇಕು.

ದಂಡವೋ? ಬ್ರಿಟನ್ನಿನಲ್ಲಿ ವೇಗ ಮೀರಿದರೆ ಕನಿಷ್ಠ 100 ಪೌಂಡು, ಮೊಬೈಲು ಹಿಡಿದರೆ 200. ಕ್ಯಾಮೆರಾ ನೋಡಿದ ಮೇಲೆ ಚೀಟಿ ಅಂಚೆಯಲ್ಲಿ ಮನೆಗೇ ಬರುತ್ತೆ. ಬಾಡಿಗೆ ಕಾರಾದರೆ ಕಾರಿನವರು ತಮ್ಮ ಖರ್ಚನ್ನೂ ಸೇರಿಸುವುದುಂಟು. ಅಮೆರಿಕದಲ್ಲಿ ಹಳದಿ ಶಾಲಾ ಬಸ್ಸು ಕೆಂಪು ದೀಪ ಮಿನುಗಿಸಿ ನಿಂತರೆ, ನಡುವೆ ಕಟ್ಟೆಯಿಲ್ಲದ ರಸ್ತೆಯಲ್ಲಿ ಎದುರಿನಿಂದ ಬರುವವರೂ ನಿಲ್ಲಬೇಕು. ಪೊಲೀಸರು ತಡೆದಾಗ ಕಾರಿಳಿದು "ಸಾರ್, ಸಾರ್" ಎಂದು ಓಡುವ ನಮ್ಮ ಪದ್ಧತಿ ಅಲ್ಲಿ ಅಪಾಯ. ಕೈಯನ್ನು ಸ್ಟಿಯರಿಂಗ್ ಮೇಲಿಟ್ಟು ಸೀಟಿನಲ್ಲೇ ಕೂತಿರಬೇಕು. ನೋಟು ಚಾಚಿದರಂತೂ ದಂಡದ ಮಾತು ಹೋಗಿ ಜೈಲಿನ ಮಾತು ಬರುತ್ತೆ.